ಟೆಲಿಫೋನ್ ಬೂತಿನ ಧರಣಿ

ಆ ಬೀದಿಯಿಂದ ಸಾಮಾನುಗಳು ಒಂದೊಂದಾಗಿ ಕಾಣೆಯಾಗತೊಡಗಿದ್ದು ಯಾವಾಗಿನಿಂದ ಎಂದು ಕೇಳಿದರೆ ಅಲ್ಲಿ ಯಾರೂ ಸರಿಯಾಗಿ ಹೇಳಲಾರರು. ಕಳ್ಳರು ಹೊತ್ತುಕೊಂಡು ಹೋಗಿದ್ದರೆ ಬೀದಿಗೆ ಬೀದಿಯೇ ಬಾಯಿ ಬಡಿದುಕೊಳ್ಳುತ್ತಿತ್ತು. ಹೊತ್ತುಕೊಂಡು ಹೋದವರು ನಗರಸಭೆಯವರು, ಅದೂ ಹಾಡಹಗಲಲ್ಲಿ, ಲಾರಿ ತಂದು. ಹಾಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮೊದಲು ಮೂಲೆಯ ನಲ್ಲಿ ಹೋಯಿತು. "ಮನೇಲೇ ನಲ್ಲಿ ಇದೆಯಲ್ಲ, ಹೋದ್ರೆ ಹೋಗ್ಲಿ" ಎಂದರು. ಆಮೇಲೆ ಕಬ್ಬಿಣದ ಕಂಬದ ಮೇಲಿದ್ದ ಗಡಿಯಾರ ಹೋಯಿತು. "ಅದು ಸರಿಯಾದ ಹೊತ್ತು ತೋರಿಸಿದ್ದನ್ನ ಕಂಡವರ್ಯಾರು" ಎಂದರು. ನಂತರ ಮರದಡಿಯ ಬೆಂಚು ಹೋಯಿತು. ಅಲ್ಲಿ ಕೂತು ಹರಟುತ್ತಿದ್ದವರು ಕೆಲವು ದಿನ ಅದೇ ಜಾಗದಲ್ಲಿ ನಿಂತು ಹರಟಿದರು. ಕಾಲು ನೋಯತೊಡಗಿದ ಮೇಲೆ ಮನೆ ಸೇರಿದರು. ಅಂಚೆ ಡಬ್ಬಿ ಹೋದ ಮಾರನೆಯ ದಿನ ಕ್ಷೌರದಂಗಡಿಯವನು ಅಭ್ಯಾಸಬಲದಿಂದ ಒಂದು ಲಕೋಟೆಯನ್ನು ಅದು ಇದ್ದ ಜಾಗಕ್ಕೆ ಹಾಕಿ, ಲಕೋಟೆ ಸೀದಾ ಚರಂಡಿಗೆ ಇಳಿದ ಮೇಲೆ ಕಣ್ಣು ಬಿಟ್ಟ. "ಅಯ್ಯೋ, ಡಬ್ಬಿ ಎಲ್ಲಿ?" ಎಂದು ಕೇಳಿದ. ಸುತ್ತಲಿನವರು ನಕ್ಕರು. ಅಷ್ಟೇ.

ಉಳಿದದ್ದು ಟೆಲಿಫೋನ್ ಬೂತು ಒಂದೇ. ಕಬ್ಬಿಣದ ಚೌಕಟ್ಟು, ನಾಲ್ಕೂ ಕಡೆ ಮಸಕು ಗಾಜು, ಒಂದು ಕಡೆ ಬಾಗಿಲು. ಒಳಗಿನ ಫೋನಿನ ಜೀವ ಹೋಗಿ ಕಾಲವೇ ಆಗಿತ್ತು. ಆದರೂ ಅದು ತನ್ನ ಜಾಗದಲ್ಲಿ ನೆಟ್ಟಗೆ ನಿಂತಿತ್ತು, ಸಂಬಳ ನಿಂತ ಮೇಲೂ ಕೆಲಸಕ್ಕೆ ಬರುವ ನೌಕರನ ಹಾಗೆ.

ಈ ಬೂತಿನೊಳಗೆ ಇತಿಹಾಸ ನಿರ್ಮಿಸಿದವನನ್ನು ಬೀದಿಯವರು ಕರೆಯುತ್ತಿದ್ದುದು 'ಈಗ್ಬಂದೆ' ಎಂದು. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ಮರೆತುಹೋಗಿರಬೇಕು. ಯಾರು ಎಲ್ಲಿಗೆ ಕರೆದರೂ "ಈಗ್ಬಂದೆ!" ಎನ್ನುವುದು ಅವನ ಪದ್ಧತಿ, ಬರುವುದು ಮಾತ್ರ ಎಲ್ಲ ಮುಗಿದ ಮೇಲೆ. ಕೆಲಸ, ಪೇಟೆಯ ಪರದೆ ಅಂಗಡಿಯಲ್ಲಿ. ಮನೆಮನೆಗೆ ಹೋಗಿ ಕಿಟಕಿ ಅಳೆದು ಬರಬೇಕು, ಅಂಗಡಿಯವರು ಅದರಂತೆ ಪರದೆ ಹೊಲಿಸಬೇಕು. ಅವನು ಅಳೆದ ಕಿಟಕಿಗೆ ಹೊಲಿದ ಪರದೆ ಒಂದೋ ನೆಲ ಗುಡಿಸುತ್ತಿತ್ತು, ಇಲ್ಲವೇ ಬೆಳೆದ ಹುಡುಗನ ಹಳೇ ಚಡ್ಡಿಯ ಹಾಗೆ ಮೇಲೇರಿ ನಿಲ್ಲುತ್ತಿತ್ತು. "ಕಿಟಕಿ ಹಿಗ್ಗಿರಬೇಕು ಅಮ್ಮ, ಬಿಸಿಲು ನೋಡಿ" ಎಂದು ಅವನು ಎಷ್ಟು ನಂಬಿಕೆಯಿಂದ ಹೇಳುತ್ತಿದ್ದನೆಂದರೆ ಕೇಳಿದವರು ಒಮ್ಮೆ ಕಿಟಕಿಯನ್ನೇ ಅನುಮಾನದಿಂದ ನೋಡುತ್ತಿದ್ದರು.

ಅವನ ಹೆಂಡತಿ ಸಿಟಿ ಬಸ್ಸಿನ ಕಂಡಕ್ಟರು. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿನಿಂದ ಒಂದು ಮಾತು ಹೇಳಿದರೆ ಡ್ರೈವರು ಕೂಡ ಸರಿದು ಕೂರುತ್ತಿದ್ದ. ಇಂಥವಳು ಇಂಥವನನ್ನು ಹೇಗೆ ಒಪ್ಪಿದಳು ಎಂಬುದು ಬೀದಿಯವರ ಬಗೆಹರಿಯದ ಪ್ರಶ್ನೆ. "ನಾನೇನು ಒಪ್ಪಿದ್ದು? ಇವರು ಹತ್ತಿದ್ರು, ಇಳೀಲೇ ಇಲ್ಲ" ಎಂದು ಅವಳು ನಗುತ್ತಿದ್ದಳು.

ಆ ದಿನ ಬೆಳಗ್ಗೆ ಈಗ್ಬಂದೆ ಕುತ್ತಿಗೆಗೆ ಅಳತೆ ಟೇಪು ಸುತ್ತಿಕೊಂಡು ಎಂದಿನಂತೆ ತಡವಾಗಿ ಅಂಗಡಿಗೆ ಹೊರಟಿದ್ದ. ಬೀದಿಯ ಆ ತುದಿಯಲ್ಲಿ ನಿವೃತ್ತ ಮೇಷ್ಟ್ರು ಕಾಣಿಸಿಕೊಂಡರು. ಅವರು ಸುಮ್ಮನೆ ಕಾಣಿಸಿಕೊಂಡಿದ್ದರೆ ಭಯವಿರಲಿಲ್ಲ. ಅವರು ಆ ಹೊತ್ತಿನಲ್ಲಿ ಬೀದಿಯ ಹಿತರಕ್ಷಣಾ ಸಮಿತಿಗೆ ಅಧ್ಯಕ್ಷರನ್ನು ಹುಡುಕುತ್ತಿದ್ದರು. ಅಧ್ಯಕ್ಷನಾಗುವುದೆಂದರೆ ಪ್ರತಿ ಭಾನುವಾರ ಮೇಷ್ಟ್ರ ಮನೆಯಲ್ಲಿ ಕೂತು, ಚರಂಡಿಯ ಬಗ್ಗೆ ಅವರು ಮಾಡುವ ಭಾಷಣವನ್ನು ಮೊದಲಿನಿಂದ ಕೊನೆವರೆಗೆ ಕೇಳುವುದು. ಹಿಂದಿನ ಅಧ್ಯಕ್ಷರು ಮನೆಯನ್ನೇ ಬದಲಾಯಿಸಿದ್ದರು. ಮೇಷ್ಟ್ರು ಬರುವುದನ್ನು ಕಂಡರೆ ಬೀದಿಯ ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ನಡುಬೀದಿಯಲ್ಲಿ ಸಿಕ್ಕಿಬಿದ್ದ ಈಗ್ಬಂದೆಗೆ ತೆರೆದಿದ್ದದ್ದು ಬೂತಿನ ಬಾಗಿಲೊಂದೇ. ಒಳಗೆ ನುಗ್ಗಿ, ದಡಾರನೆ ಬಾಗಿಲೆಳೆದು, ರಿಸೀವರನ್ನು ಕಿವಿಗೆ ಒತ್ತಿಕೊಂಡ.

"ಹಲೋ! ಹೌದು ಸಾರ್. ಹೇಳಿ ಸಾರ್. ಇಲ್ಲ ಸಾರ್, ಬಹಳ ಮುಖ್ಯ ಸಾರ್!"

ರಿಸೀವರಿನ ತುದಿಯಲ್ಲಿ ತಂತಿಯೇ ಇರಲಿಲ್ಲ. ಇದು ಅವನ ಗಮನಕ್ಕೂ ಬರಲಿಲ್ಲ, ಮೇಷ್ಟ್ರ ಗಮನಕ್ಕೂ ಬರಲಿಲ್ಲ. ಮೇಷ್ಟ್ರು ಸಭ್ಯರು, ಫೋನಿನಲ್ಲಿರುವವರ ಮಾತು ಮುಗಿಯಲಿ ಎಂದು ಕೈ ಕಟ್ಟಿ ಬಾಗಿಲ ಮುಂದೆಯೇ ನಿಂತರು. ಅವರು ಹೋಗಲಿ ಎಂದು ಇವನು ಮಾತು ಬೆಳೆಸಿದ. ಇವನು ಮುಗಿಸಲಿ ಎಂದು ಅವರು ಕಾದರು. ಮೊದಲು ಪರದೆಯ ವಿಷಯ ಮಾತಾಡಿದ, ಆಮೇಲೆ ಹವಾಮಾನ, ಆಮೇಲೆ ಸಾರ್ ಅವರ ಮನೆಯವರೆಲ್ಲರ ಆರೋಗ್ಯ ಒಬ್ಬೊಬ್ಬರದ್ದಾಗಿ ವಿಚಾರಿಸಿದ. ಎದುರಿನ ಅಂಗಡಿಯಿಂದ ಕ್ಷೌರದವನು ಕತ್ತರಿ ಹಿಡಿದೇ ಬಂದ.

"ಏನ್ ಮೇಷ್ಟ್ರೇ, ಇಲ್ಲಿ ನಿಂತಿದೀರಿ?"

"ಫೋನಲ್ಲಿದಾರಪ್ಪ. ಯಾರೋ ದೊಡ್ಡವರ ಹತ್ರ ಇರಬೇಕು. ಉಸಿರಿಗೊಂದು ಸಾರ್ ಹಾಕ್ತಿದಾರೆ."

"ಈ ಫೋನಲ್ಲಾ? ನನ್ ಮಗ ಹುಟ್ಟಿದ ವರ್ಷ ಕೆಟ್ಟಿದ್ದು ಇದು. ಅವನೀಗ ನನ್ನ ಅಂಗಡೀಲೇ ಗಡ್ಡ ಮಾಡಿಸ್ಕೋತಾನೆ!"

"ಹಾಗಾದ್ರೆ ರಿಪೇರಿ ಆಗಿದೆ ಅಂತಾಯ್ತು" ಎಂದರು ಮೇಷ್ಟ್ರು. ಅವರದು ಯಾವಾಗಲೂ ತರ್ಕಬದ್ಧ ಮನಸ್ಸು.

ಅಷ್ಟರಲ್ಲಿ ನಗರಸಭೆಯ ಲಾರಿ ಬಂದು ಬೂತಿನ ಪಕ್ಕಕ್ಕೇ ನಿಂತಿತು. ಬೆಳಗ್ಗಿನಿಂದ ಬೇರೆ ಬೇರೆ ಬೀದಿ ಸುತ್ತಿ ಬಂದ ಲಾರಿ. ಅದರಲ್ಲಿ ಆಗಲೇ ಒಂದು ಬೆಂಚು, ಕಂಬಸಮೇತ ಒಂದು ಗಡಿಯಾರ, ಒಂದು ಅಂಚೆ ಡಬ್ಬಿ, ಒಂದು ನಲ್ಲಿಯ ಕಂಬ ಒಂದರ ಮೇಲೊಂದು ಒರಗಿದ್ದವು. ಮುಂದಿನ ಸೀಟಿನಿಂದ ಸಾಹೇಬರು ಇಳಿದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಛತ್ರಿ, ಮುಖದಲ್ಲಿ ಬೇಗ ಮುಗಿಸಿ ಊಟಕ್ಕೆ ಹೋಗುವ ಆತುರ. ಗಾಜಿನ ಮೇಲೆ ಛತ್ರಿಯಿಂದ ತಟ್ಟಿದರು.

"ರೀ, ಹೊರಗೆ ಬನ್ರೀ. ಬೂತು ತೆಗೀಬೇಕು."

ಈಗ್ಬಂದೆಗೆ ಹೋದ ಜೀವ ಬಂದಂತಾಯಿತು. ಮೇಷ್ಟ್ರಿಂದ ಪಾರಾಗಲು ಇದಕ್ಕಿಂತ ಒಳ್ಳೆಯ ನೆಪ ಯಾವುದು? "ಸಾರ್, ಆಮೇಲೆ ಮಾಡ್ತೀನಿ" ಎಂದು ಸತ್ತ ಫೋನಿಗೆ ವಿನಯದಿಂದ ಹೇಳಿ, ರಿಸೀವರು ಇಟ್ಟು, ಬಾಗಿಲಿನ ಹಿಡಿ ತಿರುಗಿಸಿದ. ಹಿಡಿ ತಿರುಗಿತು. ಇನ್ನೂ ತಿರುಗಿತು. ಆಮೇಲೆ, ಮಾಗಿದ ಹಣ್ಣು ಬರುವ ಹಾಗೆ, ಸದ್ದಿಲ್ಲದೆ ಅವನ ಕೈಗೇ ಬಂತು.

ಅವನು ಹಿಡಿಯನ್ನು ನೋಡಿದ. ಹಿಡಿ ಇದ್ದ ತೂತನ್ನು ನೋಡಿದ. ಭುಜ ಕೊಟ್ಟು ನೂಕಿದ. ಬಾಗಿಲು ಅಲುಗಲಿಲ್ಲ.

"ಬನ್ರೀ ಹೊರಗೆ!" ಎಂದರು ಸಾಹೇಬರು.

"ಬರೋಕಾಗಲ್ಲ ಸಾರ್!"

"ಆಗಲ್ಲ ಅಂದ್ರೆ?"

"ಆಗಲ್ಲ ಅಂದ್ರೆ ಆಗಲ್ಲ! ಏನ್ ಮಾಡಿದ್ರೂ ಆಗಲ್ಲ!"

ಸಾಹೇಬರ ಹುಬ್ಬು ಮೇಲೇರಿತು. ಮೇಷ್ಟ್ರ ಹುಬ್ಬು ಇನ್ನೂ ಮೇಲೇರಿತು. ಬೀದಿಯಲ್ಲಿ ಒಬ್ಬ ಅಧಿಕಾರಿಗೆ ಎದುರಾಗಿ 'ಆಗಲ್ಲ' ಎಂಬ ಶಬ್ದವನ್ನು ಅವರು ಕೇಳಿ ಯಾವ ಕಾಲವಾಗಿತ್ತೋ.

"ನಾವು ಇದನ್ನ ತೆಗೀಲೇಬೇಕು. ಮೇಲಿಂದ ಆರ್ಡರ್ ಇದೆ" ಎಂದರು ಸಾಹೇಬರು.

ಒಳಗಿನವನ ತಲೆಯಲ್ಲಿ ಓಡುತ್ತಿದ್ದದ್ದು ಬಾಗಿಲೊಂದೇ. ಗಾಜಿಗೆ ಮೂಗು ಒತ್ತಿ, "ತೆಗೀರಿ! ತೆಗೀರಿ ಸಾರ್! ಎಲ್ಲಿ, ತೆಗೀರಿ ನೋಡೋಣ!" ಎಂದು ಕೂಗಿದ.

ಕನ್ನಡ ಭಾಷೆಯಲ್ಲಿ ಬಾಗಿಲು ತೆಗೆಯುವುದಕ್ಕೂ ಬೂತು ತೆಗೆಯುವುದಕ್ಕೂ ಬೇರೆ ಬೇರೆ ಕ್ರಿಯಾಪದ ಇದ್ದಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಮೇಷ್ಟ್ರು ರೋಮಾಂಚಿತರಾದರು. ಸಾಹೇಬರು ಬಾಗಿಲಿಗೆ ಕೈ ಹಾಕಲು ಮುಂದಾದದ್ದೇ ತಡ, ಎರಡೂ ಕೈ ಅಗಲಿಸಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

"ಅವರನ್ನ ಮುಟ್ಟೋ ಮೊದಲು ನನ್ನ ದಾಟಿ ಹೋಗಿ!"

ಬಾಗಿಲು ಹೊರಗಿನಿಂದ ಸಲೀಸಾಗಿ ತೆರೆಯುತ್ತಿತ್ತು. ಹೊರಗಿನ ಹಿಡಿ ಗಟ್ಟಿಯಾಗಿತ್ತು. ಈಗ ಅದು ಮೇಷ್ಟ್ರ ಸೊಂಟಕ್ಕೆ ಒತ್ತುತ್ತಿತ್ತು.

ಈಗ್ಬಂದೆ ಗಾಬರಿಯಿಂದ ಕಿತ್ತುಬಂದ ಹಿಡಿಯನ್ನು ಎತ್ತಿ ಎಲ್ಲರಿಗೂ ತೋರಿಸಿದ. ಕ್ಷೌರದವನು ಬೀದಿ ಪೂರ್ತಿ ಕೇಳುವ ಹಾಗೆ ಕೂಗಿದ: "ನೋಡ್ರಪ್ಪೋ! ಒಳಗಿನ ಹಿಡೀನೇ ಕಿತ್ತಿಟ್ಕೊಂಡವ್ರೆ! ಇನ್ನು ಪ್ರಾಣ ಹೋದ್ರೂ ಹೊರಗೆ ಬರಲ್ಲ ಅಂತ!"

ಮನೆಗಳ ಬಾಗಿಲು ತೆರೆದವು. ಜನ ಸೇರಿದರು. ಯಾರೋ ಚಪ್ಪಾಳೆ ತಟ್ಟಿದರು; ಅದು ಹಬ್ಬಿತು.

ಇಲ್ಲಿ ನಮ್ಮವನ ಮನಸ್ಸಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಹೆಚ್ಚೇನಿಲ್ಲ. ಅವನಿಗಾಗಿ ಯಾರೂ ಯಾವತ್ತೂ ಚಪ್ಪಾಳೆ ತಟ್ಟಿರಲಿಲ್ಲ. "ಹಿಡಿ ಮುರೀತು, ದಯವಿಟ್ಟು ಬಾಗಿಲು ತೆಗೀರಿ" ಎಂಬ ವಾಕ್ಯ ಅವನ ನಾಲಿಗೆಯ ತುದಿಗೆ ಬಂದಿತ್ತು. ಚಪ್ಪಾಳೆ ಕೇಳಿ ಅದು ಹಿಂದಕ್ಕೆ ಹೋಯಿತು. ಎದೆ ಸ್ವಲ್ಪ ಮುಂದೆ ಬಂತು. ಟೇಪನ್ನು ಶಾಲಿನ ಹಾಗೆ ಸರಿಮಾಡಿಕೊಂಡು, ಹುಬ್ಬು ಗಂಟಿಕ್ಕಿ, ದೂರದಲ್ಲಿ ಏನನ್ನೋ ದಿಟ್ಟಿಸತೊಡಗಿದ. ದೂರದಲ್ಲಿ ಇದ್ದದ್ದು ಇಸ್ತ್ರಿ ಅಂಗಡಿ.

ಬಿಸಿಲೇರಿತು. ಸಾಹೇಬರು ಕಚೇರಿಗೆ ಫೋನು ಮಾಡಿದರು. "ಒಳಗೆ ಮನುಷ್ಯ ಇದಾನೆ ಸಾರ್... ಇಲ್ಲ ಸಾರ್, ಮನುಷ್ಯನ ಸಮೇತ ತರೋಕಾಗಲ್ಲ... ಗಾಜು ಒಡೆದ್ರೆ ಸಾರ್ವಜನಿಕ ಆಸ್ತಿ ಹಾನಿ ಆಗುತ್ತೆ ಸಾರ್, ಆ ನಿಯಮ ನಾವೇ ಮಾಡಿದ್ದು..." ಎಂದು ಬೆವರು ಒರೆಸಿಕೊಂಡರು.

ಜನ ಹೆಚ್ಚಾದರು. ವಯಸ್ಸಾದವರಿಗೆ ನಿಂತು ನಿಂತು ಕಾಲು ಸೋತಿತು. "ಲಾರೀಲಿ ಬೆಂಚು ಸುಮ್ನೆ ಬಿದ್ದಿದೆಯಲ್ಲ ಸಾಹೇಬ್ರೇ, ಸ್ವಲ್ಪ ಹೊತ್ತು ಇಳಿಸ್ಕೋತೀವಿ" ಎಂದರು. ಸಾಹೇಬರು ಫೋನಿನಲ್ಲಿದ್ದರು, ಕೈ ಆಡಿಸಿದರು. ಬೇಡ ಎಂದು ಆಡಿಸಿದ್ದೋ ಇಳಿಸಿಕೊಳ್ಳಿ ಎಂದು ಆಡಿಸಿದ್ದೋ ಯಾರೂ ವಿಚಾರಿಸಲಿಲ್ಲ. ಬೆಂಚು ಮರದಡಿಗೆ ಇಳಿಯಿತು, ಇಳಿದ ಕ್ಷಣವೇ ತುಂಬಿತು.

ಮೇಷ್ಟ್ರಿಗೆ ಭಾಷಣ ಮಾಡಬೇಕೆನಿಸಿತು. ಎಲ್ಲರಿಗೂ ಕಾಣಬೇಕಾದರೆ ಎತ್ತರ ಬೇಕು. ಅಂಚೆ ಡಬ್ಬಿಯನ್ನು ಇಳಿಸಿ ಅದರ ಮೇಲೆ ಅವರನ್ನು ಹತ್ತಿಸಿ ನಿಲ್ಲಿಸಿದರು. ಬಾಗಿಲು ಕಾಯುವ ಕೆಲಸವನ್ನು ಕ್ಷೌರದವನು ವಹಿಸಿಕೊಂಡ. "ಬಂಧುಗಳೇ! ಮೊದಲು ನಲ್ಲಿ ಹೋಯಿತು, ನಾವು ಸುಮ್ಮನಿದ್ದೆವು! ಗಡಿಯಾರ ಹೋಯಿತು, ಆಗಲೂ ಸುಮ್ಮನಿದ್ದೆವು!" ಎಂದು ಮೇಷ್ಟ್ರು ಶುರುಮಾಡಿದರು. ಚರಂಡಿ ಬಿಟ್ಟು ಬೇರೆ ವಿಷಯದ ಬಗ್ಗೆ ಅವರು ಮಾತಾಡುತ್ತಿರುವುದು ಇದೇ ಮೊದಲೆಂದು ಜನ ಮನಸಾರೆ ಆಲಿಸಿದರು. ಧರಣಿ ಎಷ್ಟು ಹೊತ್ತಿನಿಂದ ನಡೆಯುತ್ತಿದೆ ಎಂದು ಎಲ್ಲರಿಗೂ ತಿಳಿಯಬೇಡವೇ ಎಂದು ಯಾರೋ ಕೇಳಿದ್ದಕ್ಕೆ, ಗಡಿಯಾರದ ಕಂಬವನ್ನೂ ಇಳಿಸಿ ಹಳೆಯ ಗುಂಡಿಯಲ್ಲಿ ನೆಟ್ಟರು. ಆ ಗುಂಡಿಯನ್ನು ನಗರಸಭೆ ಮುಚ್ಚುವುದನ್ನು ಮರೆತಿದ್ದು ಅನುಕೂಲವೇ ಆಯಿತು.

ಬಾಯಾರಿಕೆಯೂ ಆಗಬೇಕಲ್ಲ. ಬೀದಿಯಲ್ಲಿ ನಲ್ಲಿ ರಿಪೇರಿ ಮಾಡುವವನೊಬ್ಬನಿದ್ದ. "ಪೈಪು ಇನ್ನೂ ನೆಲದೊಳಗೇ ಇದೆ, ಮೇಲಿಂದು ಮಾತ್ರ ಕಿತ್ಕೊಂಡು ಹೋಗಿದ್ರು" ಎನ್ನುತ್ತ ಅವನು ಲಾರಿಯಿಂದ ನಲ್ಲಿಯ ಕಂಬ ಇಳಿಸಿಕೊಂಡು ಮೂಲೆಗೆ ಹೋದ. ತುಸು ಹೊತ್ತಿಗೆ ಅಲ್ಲಿಂದ ಒಂದು ನೀರಿನ ಕಾರಂಜಿ ಎದ್ದು, ಸುತ್ತ ನಿಂತವರನ್ನೆಲ್ಲ ತೋಯಿಸಿತು. ತೊಯ್ದವರು ಬೈಯುವುದನ್ನು ಬಿಟ್ಟು ಕೇಕೆ ಹಾಕಿದರು.

ಈ ನಡುವೆ ಪರದೆ ಅಂಗಡಿಯ ಯಜಮಾನ ಬಂದ. ಬರುವಾಗ ಬಾಯಲ್ಲಿ ಬೈಗುಳ ಸಿದ್ಧವಾಗಿತ್ತು. "ಎಲ್ಲಿ ಆ ಸೋಮಾರಿ? ಇವತ್ತಿಂದ ಕೆಲಸಕ್ಕೆ..." ಎಂದವನು ಗುಂಪು ನೋಡಿದ. ವ್ಯಾಪಾರಿಯ ಕಣ್ಣು. "...ಕೆಲಸಕ್ಕೆ ಬರದಿದ್ರೂ ಪರವಾಗಿಲ್ಲ. ನಮ್ಮ ಹುಡುಗನ ಮೇಲೆ ಬಿಸಿಲು ಬೀಳ್ತಿದೆಯಲ್ರೀ!" ಎಂದು ಅಂಗಡಿಗೆ ಓಡಿ, ಇರುವುದರಲ್ಲೇ ಒಳ್ಳೆಯ ಹಳದಿ ಪರದೆಯೊಂದನ್ನು ತಂದು ಬೂತಿಗೆ ಇಳಿಬಿಟ್ಟ. ಪರದೆಯ ನಡುಮಧ್ಯೆ ಅಂಗಡಿಯ ಹೆಸರು ಎದ್ದು ಕಾಣುತ್ತಿತ್ತು. ದುರದೃಷ್ಟವಶಾತ್ ಅದು ಈಗ್ಬಂದೆಯೇ ಅಳತೆ ಕೊಟ್ಟು ಹೊಲಿಸಿ, ಗಿರಾಕಿ ವಾಪಸು ಕಳಿಸಿದ ಪರದೆ. ಜನರಿಗೆ ತಮ್ಮ ನಾಯಕನ ಮೊಣಕಾಲಿನಿಂದ ಕೆಳಗಿನ ಭಾಗ ಮಾತ್ರ ಕಾಣತೊಡಗಿತು. ಅದಕ್ಕೇ ಕೈ ಮುಗಿದರು.

ಪರದೆಯ ಹಿಂದೆ ನಾಯಕನ ಸ್ಥಿತಿ ಚಿಂತಾಜನಕವಾಗಿತ್ತು. ಬೂತಿನಲ್ಲಿ ಕೂರುವಷ್ಟು ಜಾಗವಿಲ್ಲ. ಒಂದು ಕಾಲು ಜೋಮು ಹಿಡಿದಿತ್ತು. ಮೂಗಿನ ತುದಿ ತುರಿಸುತ್ತಿತ್ತು. ತುರಿಸಿಕೊಂಡರೆ ಘನತೆಗೆ ಕುಂದೆಂದು ಇಷ್ಟು ಹೊತ್ತು ತಡೆದಿದ್ದವನು ಪರದೆ ಬಿದ್ದೊಡನೆ ಮನಸಾರೆ ತುರಿಸಿಕೊಂಡ. ಅತ್ತ ಕ್ಷೌರದವನು ಕಾವಲು ಬಿಡುತ್ತಿರಲಿಲ್ಲ. "ಏಯ್, ಒಂಚೂರು ಬಾಗಿಲು..." ಎಂದು ಇವನು ಒಳಗಿಂದ ಪಿಸುಗುಟ್ಟಿದರೆ, "ಹೆದರ್ಬೇಡಿ ಸ್ವಾಮಿ! ಬಾಗಿಲು ನಾನಿರೋವರೆಗೆ ಯಾರೂ ಮುಟ್ಟಲ್ಲ!" ಎಂದು ಅವನು ಎದೆ ತಟ್ಟಿಕೊಳ್ಳುತ್ತಿದ್ದ.

ಆಗ ಬೀದಿಯ ತುದಿಯಿಂದ ಸೀಟಿ ಕೇಳಿಸಿತು. ಬೆಳಗಿನ ಪಾಳಿ ಮುಗಿಸಿದ ಹೆಂಡತಿ ಸಮವಸ್ತ್ರದಲ್ಲೇ ಬಂದಿದ್ದಳು. "ದಾರಿ ಬಿಡಿ, ದಾರಿ ಬಿಡಿ! ಒಳಗೆ ಸರೀರಿ! ನಿಮ್ಮ ಕಾಲು ನಿಮ್ಮ ಹತ್ರ ಇಟ್ಕೊಳ್ಳಿ!" ಗುಂಪು ಎರಡು ಭಾಗವಾಯಿತು. ಕ್ಷೌರದವನು ಕೂಡ ಕಾವಲು ಮರೆತು ಪಕ್ಕಕ್ಕೆ ಸರಿದ. ಅವಳು ಪರದೆಯೊಳಗೆ ತಲೆ ತೂರಿಸಿ, ಗಾಜಿನ ಬಿರುಕಿಗೆ ಬಾಯಿಟ್ಟಳು.

"ಏನ್ರೀ ಇದು? ಬಸ್ಸಲ್ಲೆಲ್ಲ ನಿಮ್ಮದೇ ಮಾತು. ಇಡೀ ಬೀದಿಗೋಸ್ಕರ ಪ್ರಾಣ ಕೊಡೋಕೆ ನಿಂತಿದೀರಂತೆ? ಬೆಳಗ್ಗೆ ಕಸದ ಬುಟ್ಟಿ ಹೊರಗಿಡಿ ಅಂದ್ರೆ ಸೊಂಟ ನೋವು ಅಂದಿದ್ರಿ."

"ಇವಳೇ, ಮೆಲ್ಲಗೆ ಮಾತಾಡೇ" ಎಂದ ಈಗ್ಬಂದೆ ಅಳುವ ಸ್ವರದಲ್ಲಿ. ಹಿಡಿಯನ್ನು ತೋರಿಸಿದ. "ಇದು ಕಿತ್ತು ಬಂತು. ನಾನು ಹೊರಗೆ ಬರೋಕೇ ನೋಡ್ತಿದೀನಿ. ಯಾರೂ ಬಿಡ್ತಿಲ್ಲ."

ಅವಳು ಹಿಡಿ ನೋಡಿದಳು, ಗಂಡನನ್ನು ನೋಡಿದಳು. ಮುಖ ಕೆಂಪಾಯಿತು, ಗಲ್ಲ ಉಬ್ಬಿತು, ಪರದೆಯ ಅಂಚನ್ನು ಬಾಯಿಗೆ ತುರುಕಿಕೊಂಡಳು. ಹೊರಗಿನವರಿಗೆ ಅವಳ ಬೆನ್ನು ಅದುರುವುದು ಮಾತ್ರ ಕಂಡಿತು. "ಪಾಪ, ಹೆಂಗಸು. ಎಷ್ಟಾದ್ರೂ ಗಂಡ ಅಲ್ವಾ" ಎಂದು ಬೆಂಚಿನ ಮೇಲಿದ್ದವರು ಕಣ್ಣೊರೆಸಿಕೊಂಡರು.

"ಒಳಗೆ ಯಾಕ್ರೀ ಹೋದ್ರಿ?" ಎಂದಳು ಉಸಿರು ಸಿಕ್ಕ ಮೇಲೆ.

"ಮೇಷ್ಟ್ರು ಅಧ್ಯಕ್ಷ ಮಾಡ್ತಾರೆ ಅಂತ."

ಅವಳ ಬೆನ್ನು ಇನ್ನೊಂದು ಸಲ ಅದುರಿತು. ಆಮೇಲೆ ತಲೆ ಹೊರಗೆಳೆದು ಸುತ್ತ ನೋಡಿದಳು. ಬಹಳ ದಿನದ ಮೇಲೆ ಬೀದಿಯವರೆಲ್ಲ ಬೀದಿಯಲ್ಲಿದ್ದರು. ಬೆಂಚಿನಲ್ಲಿ ಇಬ್ಬರು ಹಳೇ ಜಗಳಗಂಟರು ಒತ್ತಿಕೊಂಡು ಕೂತಿದ್ದರು. ನಲ್ಲಿಯ ಹತ್ತಿರ ಹೆಂಗಸರು ಕೊಡವಿಲ್ಲದಿದ್ದರೂ ಸಾಲು ನಿಂತು ಮಾತಾಡುತ್ತಿದ್ದರು. ಗಡಿಯಾರ ತಪ್ಪು ಹೊತ್ತು ತೋರಿಸುತ್ತಿತ್ತು; ಅದನ್ನು ನೋಡಿ ಎಲ್ಲರೂ ತಮ್ಮ ಕೈಗಡಿಯಾರ ಸರಿಯಿದೆಯೆಂದು ಖುಷಿಪಡುತ್ತಿದ್ದರು. ಅವಳು ಮತ್ತೆ ಬಿರುಕಿಗೆ ಬಾಯಿಟ್ಟಳು.

"ಇನ್ನು ಸ್ವಲ್ಪ ಹೊತ್ತು ನಿಂತಿರಿ."

"ಏ! ಬಾಗಿಲು ತೆಗಿಯೇ!"

"ನಮ್ಮ ಮದುವೆ ಆದಾಗಿಂದ ನೀವು ಎಲ್ಲಿದೀರಿ ಅಂತ ನಂಗೆ ಖಚಿತವಾಗಿ ಗೊತ್ತಿರೋದು ಇವತ್ತೊಂದೇ ದಿನ. ಸುಮ್ನೆ ನಿಂತಿರಿ, ನಾನಿದೀನಿ."

ಅವಳು ಸಾಹೇಬರ ಕಡೆ ತಿರುಗಿದಳು. "ಸಾರ್, ನಿಮ್ಮ ಆರ್ಡರ್ ಏನು ಅಂತ ಸ್ವಲ್ಪ ಹೇಳ್ತೀರಾ?"

"ಉಪಯೋಗದಲ್ಲಿ ಇಲ್ಲದ ಸಾಮಾನನ್ನೆಲ್ಲ ಬೀದಿಯಿಂದ ತೆಗೀಬೇಕು ಅಂತ. ಅಷ್ಟೇ ತಾಯಿ. ನನಗೇನು ಇದರ ಮೇಲೆ ದ್ವೇಷವಾ?"

"ಉಪಯೋಗದಲ್ಲಿ ಇಲ್ಲದ್ದು ತಾನೇ? ಹಾಗಾದ್ರೆ ನೋಡಿ. ಬೆಂಚು ಫುಲ್. ನಲ್ಲೀಲಿ ಕ್ಯೂ. ಅಂಚೆ ಡಬ್ಬಿ ಮೇಲೆ ಮೇಷ್ಟ್ರು. ಬೂತಲ್ಲಿ ನಿಂತಿರೋ ಪ್ಯಾಸೆಂಜರ್ ಒಬ್ಬರು, ಉಸಿರಾಡೋಕೆ ಜಾಗ ಇಲ್ಲ. ಇದರಲ್ಲಿ ಯಾವುದು ಸಾರ್ ಖಾಲಿ ಇರೋದು?"

ಸಾಹೇಬರು ಬಾಯಿ ತೆರೆದರು. ಅದರಿಂದ ಮಾತು ಹೊರಡುವ ಮೊದಲೇ ಗುಂಪಿನ ಹಿಂದಿನಿಂದ ಒಂದು ಮುದಿ ದನಿ ಬಂತು.

"ಲೋ! ನನ್ನ ಬೆಂಚು ಎಲ್ಲೋ?"

ಕೋಲೂರಿಕೊಂಡು ಒಬ್ಬ ಅಜ್ಜಿ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. ಬೆಳಗ್ಗೆ ಲಾರಿ ತಮ್ಮ ಬೀದಿಯಿಂದ ಹೊರಟಾಗಿನಿಂದ ಅದು ಹೋದ ದಾರಿಯನ್ನು ಅವರಿವರನ್ನು ಕೇಳುತ್ತ, ನಡುನಡುವೆ ಕೂತು ಸುಧಾರಿಸಿಕೊಳ್ಳಲು ಬೆಂಚು ಹುಡುಕುತ್ತ, ಎಲ್ಲೂ ಒಂದೂ ಸಿಗದೆ ಕೋಪ ಹೆಚ್ಚಿಸಿಕೊಳ್ಳುತ್ತ ನಡೆದು ಬಂದಿದ್ದರು.

ಸಾಹೇಬರ ಕೈಯಿಂದ ಛತ್ರಿ ಜಾರಿತು. "ಅಮ್ಮಾ! ನೀನು ಇಲ್ಲಿ...?"

"ನನ್ನ ಬೆಂಚು ಇಲ್ಲಿದ್ರೆ ನಾನಿನ್ನೆಲ್ಲಿರ್ಲೋ?"

ಸಾಹೇಬರ ತಾಯಿ! ಅಜ್ಜಿ ಸೀದಾ ಬೆಂಚಿನ ಹತ್ತಿರ ಹೋದರು. ಜಗಳಗಂಟರಿಬ್ಬರೂ ಒಟ್ಟಿಗೇ ಎದ್ದು ಜಾಗ ಕೊಟ್ಟರು. ಅವರು ಬೆಂಚಿನ ಕೈ ಸವರಿ ನೋಡಿ, ಕೂತು, "ಅಬ್ಬಾ" ಎಂದರು. ಆ 'ಅಬ್ಬಾ' ಕೇಳಿ ಇಡೀ ಬೀದಿಯ ಕಾಲಿನ ನೋವು ಇಳಿದಂತಾಯಿತು.

"ಮೇಲಿಂದ ಆರ್ಡರ್ ಅಮ್ಮ" ಎಂದರು ಸಾಹೇಬರು ಸಣ್ಣ ದನಿಯಲ್ಲಿ.

"ನಿನಗಿಂತ ಮೇಲೆ ಯಾರಿದಾರೋ, ಅವರ ಅಮ್ಮನೂ ಎಲ್ಲೋ ಒಂದ್ಕಡೆ ಕೂತ್ಕೋಬೇಕಲ್ಲ? ಅದನ್ನ ಯೋಚನೆ ಮಾಡಿದೀರಾ ನೀವುಗಳು?" ಅಜ್ಜಿ ಸುತ್ತ ಕಣ್ಣು ಹಾಯಿಸಿದರು. "ಇಲ್ಲಿ ಮರ ಇದೆ, ನೆರಳಿದೆ, ನೀರಿದೆ, ಮಾತಾಡೋಕೆ ಇಷ್ಟು ಜನ ಇದಾರೆ. ನಮ್ಮ ಬೀದೀಲಿ ಇದೆಲ್ಲ ಎಲ್ಲಿತ್ತು? ಬೆಂಚು ಇಲ್ಲೇ ಇರ್ಲಿ. ನಾಳೆಯಿಂದ ನಾನೂ ನನ್ನ ಗೆಳತೀರೂ ಇಲ್ಲಿಗೇ ಬರ್ತೀವಿ. ಸಾಯಂಕಾಲ ಬಂದು ಕರ್ಕೊಂಡು ಹೋಗು."

ಸಾಹೇಬರು ಕಂಡಕ್ಟರಮ್ಮನ ಕಡೆ ನೋಡಿದರು. ಅವಳು ತಲೆಯಾಡಿಸಿದಳು: ಇಳಿಯುವವರು ಇಲ್ಲೇ ಇಳಿಯಬಹುದು, ಮುಂದೆ ಸ್ಟಾಪಿಲ್ಲ ಎಂಬ ಹಾಗೆ. ಸಾಹೇಬರು ಗಂಟಲು ಸರಿಮಾಡಿಕೊಂಡರು.

"ಸ್ಥಳ ಪರಿಶೀಲನೆ ಮಾಡಲಾಗಿ, ಎಲ್ಲ ಸಾಮಾನೂ ಉಪಯೋಗದಲ್ಲಿರೋದು ಕಂಡುಬಂದಿದೆ. ತೆಗೆಯೋ ಪ್ರಶ್ನೆಯೇ ಇಲ್ಲ. ಆ ಮಹಾನುಭಾವರಿಗೆ ಹೊರಗೆ ಬರೋಕೆ ಹೇಳಿ!"

ಎದ್ದ ಕೂಗಿಗೆ ಮರದ ಹಕ್ಕಿಗಳು ಹಾರಿಹೋದವು. ಹೆಂಡತಿ ಹೊರಗಿನ ಹಿಡಿ ತಿರುಗಿಸಿದಳು. ಬಾಗಿಲು ಬೆಣ್ಣೆಯ ಹಾಗೆ ತೆರೆಯಿತು. "ಇಳೀರಿ" ಎಂದಳು. ಮುರಿದ ಹಿಡಿಯನ್ನು ಯಾರಿಗೂ ಕಾಣದಂತೆ ಅವನ ಕೈಯಿಂದ ತೆಗೆದುಕೊಂಡು ನಲ್ಲಿ ರಿಪೇರಿಯವನಿಗೆ ದಾಟಿಸಿದಳು. ಅವನು ಒಂದು ಮೊಳೆ ಬಡಿದು ಅದನ್ನು ಅಲ್ಲೇ ಕೂಡಿಸಿಬಿಟ್ಟ. ಈಗ್ಬಂದೆ ಜೋಮು ಹಿಡಿದ ಕಾಲಿನಲ್ಲಿ ಒಂದು ಹೆಜ್ಜೆ ಇಟ್ಟು ಕುಸಿದ. ಜನ ಅವನು ತಮಗೆ ನಮಸ್ಕರಿಸಿದನೆಂದುಕೊಂಡು ಹೆಗಲ ಮೇಲೆ ಎತ್ತಿಕೊಂಡರು.

ಸಾಹೇಬರು ಲಾರಿ ಹತ್ತಿದರು. ಡ್ರೈವರು ಇಂಜಿನ್ ಶುರುಮಾಡಿ ಕೇಳಿದ, "ಎಲ್ಲಿಗೆ ಸಾರ್?"

"ಕಚೇರಿಗೆ. ಸಾಮಾನು ಇಳಿಸ್ಬೇಕಲ್ಲ."

ಡ್ರೈವರು ಹಿಂದಕ್ಕೆ ತಿರುಗಿ ನೋಡಿದ. ಲಾರಿಯಲ್ಲಿ ಒಂದು ಹಗ್ಗದ ಸುರುಳಿ ಬಿಟ್ಟರೆ ಏನೂ ಇರಲಿಲ್ಲ. "ಏನ್ ಸಾರ್ ಇಳಿಸೋದು?"

ಸಾಹೇಬರೂ ತಿರುಗಿ ನೋಡಿದರು. ಬಹಳ ಹೊತ್ತು ನೋಡಿದರು. "ನಾವಿಬ್ರಿದೀವಲ್ಲಪ್ಪ" ಎಂದರು ಕೊನೆಗೆ. "ನಾವೇ ಇಳಿಯೋಣ."

ಖಾಲಿ ಲಾರಿ ಗಡಗಡ ಸದ್ದು ಮಾಡುತ್ತ ಹೋಯಿತು. ಇತ್ತ ಮೇಷ್ಟ್ರು ಅಂಚೆ ಡಬ್ಬಿಯ ಮೇಲಿನಿಂದ ಘೋಷಿಸಿದರು: "ನಮ್ಮ ಸಮಿತಿಗೆ ಅಧ್ಯಕ್ಷರು ಸಿಕ್ಕಿದರು! ಅಧ್ಯಕ್ಷರು ಈಗ ಎರಡು ಮಾತಾಡಬೇಕು!"

ಈಗ್ಬಂದೆಯನ್ನು ಹೆಗಲಿನಿಂದ ಇಳಿಸಿ ಎಲ್ಲರ ನಡುವೆ ನಿಲ್ಲಿಸಿದರು. ಅವನು ಒಂದು ಸುತ್ತು ನೋಡಿದ. ತೊಯ್ದ ತಲೆಗಳು, ನಗುವ ಮುಖಗಳು, ಕತ್ತರಿ ಹಿಡಿದೇ ಕಣ್ಣು ತುಂಬಿಕೊಂಡ ಕ್ಷೌರದವನು, ಮೊದಲ ಸಲ ತನ್ನನ್ನು ಹೆಮ್ಮೆಯಿಂದ ನೋಡುತ್ತಿದ್ದ ಯಜಮಾನ. ಇಷ್ಟು ಪ್ರೀತಿಯನ್ನು ಸುಳ್ಳಿನ ಲೆಕ್ಕದಲ್ಲಿ ಇಟ್ಟುಕೊಳ್ಳುವುದು ಅವನಿಂದಾಗಲಿಲ್ಲ. ಅವನು ಸೋಮಾರಿ ನಿಜ, ಕಳ್ಳನಲ್ಲ.

"ನೋಡಿ," ಎಂದ, "ನಾನು ಧರಣಿ ಗಿರಣಿ ಏನೂ ಮಾಡಿಲ್ಲ. ಮೇಷ್ಟ್ರ ಕಣ್ಣಿಗೆ ಬೀಳಬಾರದು ಅಂತ ಒಳಗೆ ಹೋದೆ. ಬಾಗಿಲು ಸಿಕ್ಕಿಹಾಕ್ಕೊಳ್ತು. ಹೊರಗೆ ಬರೋಕಾಗಲಿಲ್ಲ. ಅಷ್ಟೇ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

"ಕೇಳಿದಿರಾ? ಇದಕ್ಕೆ ಹೇಳೋದು ದೊಡ್ಡತನ ಅಂತ! ಇಷ್ಟೆಲ್ಲ ಮಾಡಿ, ಏನೂ ಮಾಡಿಲ್ಲ ಅಂತಾರೆ!"

"ಅದೂ ಎಷ್ಟು ತಮಾಷೆಯಾಗಿ!" ಎಂದ ಕ್ಷೌರದವನು. ಚಪ್ಪಾಳೆ ಮೊದಲಿಗಿಂತ ಜೋರಾಯಿತು. "ಇಲ್ಲ ಮೇಷ್ಟ್ರೇ, ನಿಜವಾಗ್ಲೂ..." ಎಂದು ಅವನು ಕೈ ಆಡಿಸಿದಷ್ಟೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಡತಿ ನಗು ತಡೆಯಲಾರದೆ ನಲ್ಲಿಯ ಕಂಬ ಹಿಡಿದು ಬಗ್ಗಿದಳು. ನಲ್ಲಿ ತಿರುಗಿ ಮತ್ತೊಮ್ಮೆ ಎಲ್ಲರಿಗೂ ಸ್ನಾನವಾಯಿತು.

ಬೆಂಚಿನ ಮೇಲಿದ್ದ ಅಜ್ಜಿಯೊಬ್ಬರೇ ಚಪ್ಪಾಳೆ ತಟ್ಟಲಿಲ್ಲ. ಅವರು ಅವನ ಜೋಮು ಹಿಡಿದ ಕಾಲನ್ನೂ, ಅಳತೆ ಟೇಪನ್ನೂ, ಬೆಪ್ಪು ಮುಖವನ್ನೂ ಬಹಳ ಹೊತ್ತು ನೋಡಿದರು. ಬಾಯಲ್ಲಿ ಹಲ್ಲಿಲ್ಲದಿದ್ದರೂ ಮುಖದ ತುಂಬ ನಕ್ಕರು.

"ನಂಗೊತ್ತಪ್ಪ, ನೀನು ನಿಜಾನೇ ಹೇಳ್ತಿದೀಯ" ಎಂದು ಮೆಲ್ಲಗೆ ಹೇಳಿ, ಪಕ್ಕಕ್ಕೆ ಸರಿದು ಬೆಂಚು ತಟ್ಟಿ ತೋರಿಸಿದರು. "ಬಾ, ಕೂತ್ಕೋ. ಬೆಳಗ್ಗಿಂದ ನಿಂತಿದೀಯ."

ಅವನು ಹೋಗಿ ಕೂತ.